ಸುಮಿತ್ರವ್ವನ ಮುಚ್ಚಿದ ಪೇಟಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದ ಸುಮಿತ್ರವ್ವ ಹಾಡು ಕಲಿತದ್ದೇ ಮಗ್ಗದ ಸದ್ದಿನಲ್ಲಿ. ಲಾಳಿ ಓಡುವಾಗ ತನ್ನ ಸುರವನ್ನು ತಾನೇ ಕಾಯ್ದುಕೊಳ್ಳಬೇಕು. ಮುಂದೆ ಅದೇ ಊರಿನ ಹೆಣ್ಣುಮಕ್ಕಳ ಶಾಲೆಗೆ ಸಂಗೀತದ ಅಕ್ಕೋರಾಗಿ ಬಂದಾಗ ಆಕೆ ಕಲಿಸಿದ್ದೂ ಇದನ್ನೇ. ಹಾರ್ಮೋನಿಯಂ ಪೇಟಿಯಲ್ಲಿ ಒಮ್ಮೆ ಷಡ್ಜ ಕೊಟ್ಟು ಮುಚ್ಚಿಬಿಡುವಳು. ಹುಡುಗಿಯರು ಬರೀ ಕೊರಳಲ್ಲಿ ಪೂರ್ತಿ ಹಾಡಬೇಕು. ಮುಗಿದ ಮೇಲೆ ಪೇಟಿ ತೆರೆದು ಅದೇ ಸುರ ಒತ್ತಿದರೆ ದನಿ ಅಲ್ಲೇ ಕೂಡಬೇಕು. ಇಳಿದಿದ್ದರೆ ಬೈಯುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಸುಮ್ಮನೆ ಮನೆಗೆ ಹೋಗುತ್ತಿದ್ದಳು.

ಕಳೆದ ವರ್ಷ ಸುಶ್ಮಿತಾ ಎಂಬ ಹುಡುಗಿಯನ್ನು ಸಾಲಿನ ನಡುವೆ ನಿಲ್ಲಿಸಿದ ಮೇಲೆ ಸುರ ಕದಲಲೇ ಇಲ್ಲ. ಪ್ರತಿಸಲ ಪೇಟಿ ತೆರೆದಾಗಲೂ ಸುಮಿತ್ರವ್ವನ ಮುಖ ಅರಳುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನೂ ಆಕೆ ಸುಶ್ಮಿತಾಳಷ್ಟು ಮುದ್ದು ಮಾಡಿರಲಿಕ್ಕಿಲ್ಲ.

ಸುದ್ದಿ ಹಬ್ಬಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂಗೀತ ಶಿಕ್ಷಕರು ಗದಗಿನಲ್ಲಿ ಸೇರಿದಾಗ, ಹುಡುಗಿಯರೊಂದಿಗೆ ಬಂದು ತೋರಿಸಿರೆಂದು ಆಕೆಯನ್ನು ಕರೆದರು.

"ಪೇಟಿ ಮುಚ್ಚಿದ್ರ ನಮ್ಮ ಹುಡುಗ್ರ ಸುರ ಕಾಳಿನ ಹಗೇದಾಗ ಇಳೀತಾವ್ರಿ ಅಕ್ಕೋರ," ಎಂದರು ಮುಂಡರಗಿಯ ಕೊಟ್ರಪ್ಪ ಮಾಸ್ತರು.

"ನಂಬಿ ಬಿಡ್ರಿ ಮಾಸ್ತರ. ಒಬ್ಬಾಕಿ ಗಟ್ಟಿ ನಿಂತ್ರ ಉಳದವರು ಆಕಿಗೆ ಆತು ನಿಲ್ತಾರ," ಎಂದಳು ಸುಮಿತ್ರವ್ವ.

ಷಡ್ಜ ಕೊಟ್ಟು ಪೇಟಿ ಮುಚ್ಚಿದಳು; ಹುಡುಗಿಯರು ಹಾಡತೊಡಗಿದರು. ಎರಡನೆಯ ನುಡಿಯಲ್ಲಿ ಸುಶ್ಮಿತಾ ಬೆಚ್ಚಿದಳು. ಅವಳ ದನಿ ಜಾರಿತು, ಇಡೀ ಸಾಲೇ ಜಾರಿತು. ಪೇಟಿ ತೆರೆದು ಒತ್ತಿದರೆ ಷಡ್ಜ ಎಲ್ಲೋ ಮೇಲೆ ಒಂಟಿಯಾಗಿ ನಿಂತಿತ್ತು.

ಸುಶ್ಮಿತಾ ತಲೆ ತಗ್ಗಿಸಿ, ಕೂದಲ ಮರೆಯಲ್ಲಿ ಕಿವಿಗಿಟ್ಟಿದ್ದ ಇಯರ್‌ಫೋನ್ ತೆಗೆದಳು. "ಮೊಬೈಲಿನ ತಂಬೂರಿ ಆ್ಯಪ್ ರೀ, ಕಿವ್ಯಾಗ ಷಡ್ಜ ಹಿಡದಿರ್ತದ. ನಮ್ಮಣ್ಣ ವೀರು ಫೋನ್ ಮಾಡಿಬಿಟ್ಟ. ನಿಂತ್ಹೋತು."

"ಇವತ್ತೊಂದ ದಿನ ಏನವ್ವಾ?" ಸುಮಿತ್ರವ್ವನ ದನಿಯಲ್ಲಿ ಇನ್ನೂ ಆಸೆಯಿತ್ತು.

"ಮೊದಲಿಂದ್ಲೂ ರೀ."

"ನಿಮಗೆಲ್ಲಾ ಗೊತ್ತಿತ್ತೇನ?"

 ಸಾಲಿನ ತುದಿಯಲ್ಲಿದ್ದ ಯಾಸ್ಮೀನಳೇ ಬಾಯಿಬಿಟ್ಟಳು: "ಗೊತ್ತಿತ್ರಿ. ಸುರ ಇಳದ್ರ ನೀವು ಮಾತ ಬಿಡ್ತಿದ್ರಿ ಅಕ್ಕೋರ. ಬೈದಿದ್ರ ಛಲೋ ಇತ್ತು."

"ಹೋಗ್ಲಿ ಬಿಡ್ರಿ," ಎಂದರು ಕೊಟ್ರಪ್ಪ ಮಾಸ್ತರು. "ಆ ಆ್ಯಪಿನ ಹೆಸರ ಹೇಳವ್ವಾ, ನಮಗೂ ಬೇಕು." ಸಭೆ ಘೊಳ್ಳೆಂದಿತು.

ಸುಮಿತ್ರವ್ವನಿಗೆ ನಗು ಕೇಳಿಸಲಿಲ್ಲ. ತಾನು ಪೇಟಿ ತೆರೆದು ಹಿಗ್ಗಿದ ಆ ಎಲ್ಲ ಸಂಜೆಗಳಲ್ಲಿ ಈ ಮಕ್ಕಳು ಬೆನ್ನ ಹಿಂದೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ಮೋಸ ಒಬ್ಬಳದಾಗಿದ್ದರೆ ಬೈದು ಮುಗಿಸಬಹುದಿತ್ತು.

"ಅದನ್ನ ಇತ್ತ ಕೊಡು," ಎಂದು ಸುಶ್ಮಿತಾಳ ಇಯರ್‌ಫೋನಿಗೆ ಕೈ ಚಾಚಿದಳು. "ಇನ್ನೊಮ್ಮೆ ಹಾಡ್ರಿ."

ಹಾಡಿದರು. ಎರಡನೆಯ ನುಡಿ ಮುಗಿಯುವ ಮೊದಲೇ ಸುರ ಇಳಿಯತೊಡಗಿತು. ಆಗ ಎಲ್ಲರ ಕಣ್ಣೂ, ಸುಶ್ಮಿತಾಳದೂ, ಬಂದು ಆಕೆಯ ಮುಖದ ಮೇಲೆ ನಿಂತವು.

ಸುಮಿತ್ರವ್ವ ನಗಲು ನೋಡಿದಳು. ಆಗಲಿಲ್ಲ.