ಕೆರೆಗೆ ಇಳಿದ ಕೌನ್ಸಿಲರ್

ಪ್ಲಾಸ್ಟಿಕ್ ಬಕೆಟ್ಟು, ಕುರ್ಚಿ ಮಾರಿಕೊಂಡಿದ್ದವರು ಮೂವತ್ತೇಳು ಮತಗಳಿಂದ ಗೆದ್ದು ಕೌನ್ಸಿಲರ್ ಆದರು. ಅಷ್ಟು ಹೊತ್ತಿಗೆ ರಸ್ತೆ, ನೀರು, ದೀಪದ ಸಮಿತಿಗಳಿಗೆ ಕಿತ್ತಾಟ ಮುಗಿದಿತ್ತು. ಯಾರಿಗೂ ಬೇಡವಾಗಿ ಉಳಿದದ್ದು ಪರಿಸರ ಸಮಿತಿ. ಅದನ್ನು ಇವರ ಕೊರಳಿಗೆ ಕಟ್ಟಿದರು. ಅಂದಿನಿಂದ ಪರಿಸರದ ಮೇಲೆ ಇವರಿಗೆ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ.

ಮೊದಲ ವರ್ಷ ಗ್ರಂಥಾಲಯದ ಮುಂದೆ ಸಸಿ ನೆಟ್ಟರು. ಎರಡನೇ ವರ್ಷವೂ ನೆಟ್ಟರು, ಅದೇ ಗುಂಡಿಯಲ್ಲಿ. ಮೂರನೇ ವರ್ಷ ಗುಂಡಿ ತೋಡುವ ಶ್ರಮವೂ ಇರಲಿಲ್ಲ. 'ಫೋಟೋ ಅಣ್ಣ' ಎಂಬ ಹೆಸರು ಬಿದ್ದದ್ದು ಆಗಲೇ. ಪ್ಲಾಸ್ಟಿಕ್ ಬಿಡಿ ಎಂದು ಬೀದಿಬೀದಿಗೆ ಫ್ಲೆಕ್ಸ್ ಕಟ್ಟಿಸಿದರು. ಫ್ಲೆಕ್ಸ್ ಯಾವುದರಿಂದ ಮಾಡಿದ್ದು ಎಂದು ಕೇಳುವಷ್ಟು ಕೆಟ್ಟ ಬುದ್ಧಿ ಯಾರಿಗೂ ಇರಲಿಲ್ಲ.

ನಾಲ್ಕನೇ ವರ್ಷ ಕೆರೆಯ ಸರದಿ. ವಾರ್ಡಿನ ನಡುವಿನ ಆ ಕೆರೆ ನೊರೆ ಉಗುಳುತ್ತ ನಾರುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಫೋಟೋ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗುದ್ದಲಿ ಹಿಡಿದು ದಡಕ್ಕೆ ಬಂದರು.

"ಇನ್ನೊಂದು ಹೆಜ್ಜೆ ಹಿಂದೆ ಹೋಗಿ ಸಾರ್, ನೀರು ಕಾಣ್ಬೇಕು," ಎಂದ ಫೋಟೋದವನು.

ಹೋದರು. ಸೊಂಟದವರೆಗೆ ಕೆಸರಿನಲ್ಲಿ ಹೂತರು. ಬೆಂಬಲಿಗರು ಜೈಕಾರ ಹಾಕಿದರೇ ಹೊರತು ಒಬ್ಬನೂ ಚಪ್ಪಲಿ ಬಿಡಲಿಲ್ಲ. ಕೊನೆಗೆ ಆ ದಡವನ್ನು ದಿನವೂ ಗುಡಿಸುವ ಪೌರಕಾರ್ಮಿಕ ಹೆಂಗಸು ಕೆಸರಿನ ಮೇಲೆ ಏಣಿ ಅಡ್ಡ ಹಾಕಿ ಹತ್ತಿರ ಬಂದಳು.

"ಅಲ್ಲಾಡ್ಬೇಡಿ ಅಣ್ಣಾ, ಅಲ್ಲಾಡಿದಷ್ಟೂ ಇಳೀತೀರ."

"ಥೂ, ಇದೇನಮ್ಮ ವಾಸ್ನೆ! ಎಲ್ಲಿಂದ ಬರ್ತಿದೆ?"

"ನಿಮ್ ಬೆನ್ನ ಹಿಂದಿರೋ ಪೈಪಿಂದ. ನಿಮ್ ಬೀದೀದೇ. ಮೂರು ಸಲ ಅರ್ಜಿ ಕೊಟ್ಟಿದ್ದೆ, ನಿಮ್ ಕೈಗೇ."

ಫೋಟೋ ಅಣ್ಣ ಕತ್ತು ತಿರುಗಿಸಿದರು. ಅದೇ ಗಳಿಗೆಗೆ ಯಾರದೋ ಮನೆಯಲ್ಲಿ ಬಟ್ಟೆ ಒಗೆದು ಮುಗಿದಿರಬೇಕು. ಪೈಪು ಗುಳಗುಳ ಎಂದು ತಲೆಯ ಮೇಲೇ ಸುರಿಯಿತು.

ಏಣಿ ಹಿಡಿದು ದಡ ಸೇರಿದ ಅವರು ಮೂರು ದಿನ ಯಾರಿಗೂ ಮುಖ ತೋರಿಸಲಿಲ್ಲ. ಅರ್ಜಿಗಳನ್ನು ಹುಡುಕಿ ತೆಗೆದು, ಮೊದಲ ಬಾರಿಗೆ ಓದಿದರು. ನಾಲ್ಕನೇ ದಿನ ಆ ಪೈಪಿನ ಬಾಯಿಗೆ ಸಿಮೆಂಟು ಹಾಕಿಸಿದರು. ಅದಕ್ಕೇ ಸೇರುತ್ತಿದ್ದ ಮೂರು ಬೀದಿಗಳ ಬಚ್ಚಲು ಉಕ್ಕಿತು, ಮೊದಲು ಅವರದೇ.

"ಊರಿಗೆಲ್ಲ ಪರಿಸರ, ನಮಗೆ ಮೊಣಕಾಲುದ್ದ ಕೊಚ್ಚೆ! ಪೈಪು ಬಿಡಿಸ್ತೀರೋ, ನಾನು ತವರಿಗೆ ಹೋಗ್ಲೋ?" ಎಂದಳು ಹೆಂಡತಿ.

"ನಡಿ, ನಾನೂ ಬರ್ತೀನಿ, ಅಲ್ಲಿ ಬಚ್ಚಲು ಚೆನ್ನಾಗಿದೆ. ಪೈಪು ಮಾತ್ರ ಬಿಡಿಸಲ್ಲ."

ಅವಳು ಹೋದಳು. ಇವರು ಹೋಗಲಿಲ್ಲ. ಮುನಿಸಿಪಾಲಿಟಿ ಎಂಜಿನಿಯರ್ ಎದುರಿನ ಕುರ್ಚಿಯಲ್ಲಿ ಒಂಬತ್ತು ದಿನ, ಸ್ನಾನವಿಲ್ಲದೆ ಕೂತರು. ಆ ಸುವಾಸನೆ ತಾಳಲಾರದೆ ಎಂಜಿನಿಯರ್ ಹತ್ತನೇ ದಿನ ಹೊಸ ಪೈಪಿನ ಕಾಮಗಾರಿಗೆ ಸಹಿ ಹಾಕಿದ. ಮೂರು ಬೀದಿಗಳ ಕೊಳಚೆ ದೊಡ್ಡ ಒಳಚರಂಡಿಗೆ ಸೇರಿತು.

ಮುಂದಿನ ಚುನಾವಣೆಯಲ್ಲಿ ಆ ಮೂರೂ ಬೀದಿಗಳು ಎಂದೂ ಇಲ್ಲದ ಒಗ್ಗಟ್ಟಿನಿಂದ ಇವರನ್ನು ಸೋಲಿಸಿದವು. ಕೆರೆ ಇಪ್ಪತ್ತು ವರ್ಷ ನಾತ ಹೊಡೆದದ್ದು ಯಾರಿಗೂ ನೆನಪಿರಲಿಲ್ಲ, ತಮ್ಮ ಬಚ್ಚಲು ಕೆಲವು ದಿನ ನಾತ ಹೊಡೆದದ್ದು ಎಲ್ಲರಿಗೂ ನೆನಪಿತ್ತು.

ಈಗ ಅವರು ಮತ್ತೆ ಅಂಗಡಿಯಲ್ಲಿದ್ದಾರೆ. ಹೆಂಡತಿ ವಾಪಸು ಬಂದಿದ್ದಾಳೆ. ಕೆರೆಯ ನೀರು ತಿಳಿಯಾಗಿ ಕಪ್ಪೆಗಳು ಬಂದಿವೆ. ಅವುಗಳ ವಟವಟದಿಂದ ನೆಮ್ಮದಿ ಹಾಳಾಗಿದೆಯೆಂದು ನಿವಾಸಿಗಳು ದೂರು ಕೊಟ್ಟಿದ್ದು, ಹೊಸ ಕೌನ್ಸಿಲರ್ ಸೂಕ್ತ ಕ್ರಮದ ಭರವಸೆ ನೀಡಿದ್ದಾರೆ.