ಉಂಡದ್ದು ನೆನಪಿರದ ಅತ್ತೆ

ನನಗಾಗ ಹತ್ತೊಂಬತ್ತು ವರ್ಷ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಗಂಡ, ಅತ್ತೆ, ನಾನು, ಮೂವರೇ ಇದ್ದೆವು. ಮುಂಜಾನೆ ಹೊಟ್ಟೆ ತುಂಬ ರೊಟ್ಟಿ ಪಲ್ಯ ಉಂಡ ಅತ್ತೆ ಕಟ್ಟೆಗೆ ಹೋಗಿ ಕೂತು, ಹಾದುಹೋಗುವವರಿಗೆಲ್ಲ ಹೇಳುತ್ತಿದ್ದರು:

"ನಿನ್ನಿಯಿಂದ ಹೊಟ್ಟಿಗೆ ಏನೂ ಇಲ್ಲವಾ. ಸೊಸಿ ಹಾಕವಲ್ಲಳು."

ಓಣಿ ನಂಬಿತು. ನಾನು ನೀರಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಕಡೆಗೆ ಗಂಡನೂ ಕೇಳಿದರು, "ಖರೇ ಹೇಳು, ಅವ್ವಗ ಊಟಾ ಹಾಕಿದಿಯೋ ಇಲ್ಲೋ?" "ಹೊಟ್ಟಿ ತುಂಬ ಹಾಕೇನಿ," ಎಂದೆ. ಅವರು ನಂಬಲಿಲ್ಲ. ಅತ್ತೆ ಬೇಕೆಂದೇ ನನ್ನ ಮಾನ ಕಳೆಯುತ್ತಿದ್ದಾರೆಂದು ಅವರ ಮುಖ ನೋಡುವುದನ್ನೇ ಬಿಟ್ಟೆ.

ಒಂದು ದಿನ ಅತ್ತೆ ಪಕ್ಕದ ಓಣಿಯಲ್ಲೇ ಮನೆ ದಾರಿ ತಪ್ಪಿದರು. ಗಂಡ ಹೆದರಿ, ಮರುದಿನವೇ ನಮ್ಮಿಬ್ಬರನ್ನೂ ರೈಲಿನಲ್ಲಿ ಧಾರವಾಡದ ವೈದ್ಯರೊಬ್ಬರ ಬಳಿಗೆ ಕರೆದೊಯ್ದರು. ದಾರಿಯಲ್ಲಿ ಅವ್ವನಿಗೆ ತಾವೇ ಕೈಯಾರೆ ಅವಲಕ್ಕಿ ತಿನ್ನಿಸಿದರು.

"ಮುಂಜಾನಿ ಏನ್ ತಿಂದ್ರಿ ಅಜ್ಜಿ?" ವೈದ್ಯರು ಕೇಳಿದರು.

"ಏನೂ ಇಲ್ರಿ. ಉಪವಾಸ ಬಂದೇನಿ."

ಗಂಡ ತಲೆ ತಗ್ಗಿಸಿದರು. ವೈದ್ಯರು ಅತ್ತೆಯ ಲಗ್ನದ ಮಾತು ತೆಗೆದರು. ಅತ್ತೆ ಗಾಡಿಯ ಎತ್ತುಗಳ ಬಣ್ಣ, ಬೀಗರ ಮನೆಯ ಹೋಳಿಗೆ, ಎಲ್ಲವನ್ನೂ ತಡೆಯಿಲ್ಲದೆ ಹೇಳಿದರು.

"ನೋಡ್ರಿ," ಎಂದರು ವೈದ್ಯರು, "ಇದು ಮಿದುಳಿನ ಬ್ಯಾನಿ. ಮಿದುಳು ಸವದು ಸಣ್ಣದಾಗಾಕತ್ತೈತಿ. ಹೊಸಾದು ಹಿಡಿದಿಡೂ ಶಕ್ತಿ ಮೊದಲು ಹೋಗತೈತಿ, ಹಳೇದು ಬಾಳ ದಿನ ಉಳಿಯತೈತಿ. ಅವರು ಸುಳ್ಳು ಹೇಳಾಕತ್ತಿಲ್ಲ. ಅವರ ಪಾಲಿಗೆ ಆ ಊಟಾ ಆಗೇ ಇಲ್ಲ."

"ಗುಣಾ ಆಗತೈತ್ರೀ?" ಎಂದರು ಗಂಡ.

"ಇಲ್ಲ. ವಾದಾ ಮಾಡಬ್ಯಾಡ್ರಿ. ಕೇಳಿದಾಗ ಒಂದು ತುತ್ತು ಕೊಡ್ರಿ."

ಗುಣವಾಗದೆಂದು ಕೇಳಿಯೂ ನನ್ನ ಎದೆ ಹಗುರಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ. ಅತ್ತೆಗೆ ನನ್ನ ಮೇಲೆ ಹಗೆ ಇರಲಿಲ್ಲ.

ಗಂಡ ಹೊರಗೆ ಬಂದು, "ನಿನ್ನ ಮಾತು ನಂಬಬೇಕಾಗಿತ್ತು ನಾ," ಎಂದರು. ಓಣಿಗೆ ಮರಳಿದ ಮೇಲೆ ನೀರಿಗೆ ಬಂದು ನಿಂತಿದ್ದ ಹೆಂಗಸರಿಗೆ ತಾವೇ ಎಲ್ಲವನ್ನೂ ತಿಳಿಸಿದರು.

ಅಂದು ಸಂಜೆ ಅತ್ತೆ ಎರಡನೆಯ ಸಲ ಊಟ ಕೇಳಿದಾಗ ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟೆ. ಪಕ್ಕದಲ್ಲೇ ತಾಟು ಇಟ್ಟುಕೊಂಡು ನಾನೂ ಕೂತೆ. ಎಷ್ಟೋ ತಿಂಗಳ ಮೇಲೆ ಅಂದು ನನಗೆ ಹಸಿವಾಗಿತ್ತು.