ಐವತ್ತರಲ್ಲಿ ಏಳು ಕುಂಚ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೀಗದ ಅಂಗಡಿಯ ಮೇಲಿರುವ ಎರಡು ಕೋಣೆಗಳ ಕಿಟಕಿ ತೆರೆದು, ಅಕ್ಕ ಮೊದಲ ಕುಂಚವನ್ನು ನೀರಿನ ಲೋಟದಲ್ಲಿ ಅದ್ದುತ್ತಾರೆ. ಕೈಯನ್ನು ಒಮ್ಮೆ ಕೊಡವಿ ತುದಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಕೂದಲೆಲ್ಲ ಒಂದಾಗಿ ಸೂಜಿಯ ಮೊನೆಯಂತೆ ನಿಂತರೆ ಅದು ಬಲಗಡೆಯ ತಟ್ಟೆಗೆ. ತುದಿ ಸೀಳಿಕೊಂಡರೆ ಎಡಗಡೆಗೆ. "ಇವನಿಗೆ ಬೆಳಿಗ್ಗೆ ಬೆಳಿಗ್ಗೆನೇ ಎರಡು ಮನಸ್ಸು" ಎಂದು ಗೊಣಗಿ ಮುಂದಿನದಕ್ಕೆ ಕೈ ಹಾಕುತ್ತಾರೆ. ಹೀಗೆ ಅರವತ್ತೆರಡು ಕುಂಚಗಳ ಆರೋಗ್ಯ ವಿಚಾರಿಸಿ ಮುಗಿಯುವಷ್ಟರಲ್ಲಿ ಚಿತ್ರಕಾರರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುತ್ತಾರೆ.

ಇಲ್ಲಿ ಬರೆಯುವುದು ಹೆಬ್ಬೆರಳ ಉಗುರಿನಷ್ಟು ಚಿತ್ರಗಳನ್ನು. ಆ ಉಗುರಿನೊಳಗೆ ಒಂದು ಮುಖ, ಮುಖದಲ್ಲಿ ಎರಡು ಕಣ್ಣು, ಕಣ್ಣಿಗೆ ರೆಪ್ಪೆಗೂದಲೂ ಇರಬೇಕು. ಚಿತ್ರಕಾರರು ಐದು ಜನ. ಕುಂಚಗಳಿಗೆ ಮಾತ್ರ ಅಕ್ಕ ಒಬ್ಬರೇ ದಿಕ್ಕು. ಇವರಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಹಿರಿಯ ಚಿತ್ರಕಾರರೂ ಇವರನ್ನು 'ಬ್ರಶ್ಶಕ್ಕ' ಎಂದೇ ಕರೆಯುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಬಂದದ್ದು ನೆಲ ಗುಡಿಸುವ ಕೆಲಸಕ್ಕೆ. ಆಗ ಚಿತ್ರಕಾರರು ಸಂಜೆ ಎದ್ದು ಹೋಗುವಾಗ ಕುಂಚಗಳನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಹೋಗುತ್ತಿದ್ದರು. ಬೆಳಿಗ್ಗೆ ನೋಡಿದರೆ ಕೂದಲೆಲ್ಲ ಒಂದೇ ಕಡೆಗೆ ಬಾಗಿ ಒಣಗಿರುತ್ತಿತ್ತು. ನೋಡಲಾರದೆ ಅಕ್ಕ ಒಂದು ದಿನ ಅವನ್ನೆಲ್ಲ ತಣ್ಣೀರಿನಲ್ಲಿ ಸೋಪು ಹಚ್ಚಿ ತೊಳೆದು, ತುದಿ ತೀಡಿ, ಬಟ್ಟೆಯ ಮೇಲೆ ಮಲಗಿಸಿ ಹೋದರು. ಮರುದಿನ "ಯಾರು ನನ್ನ ಬ್ರಶ್ ಮುಟ್ಟಿದ್ದು?" ಎಂದು ಹಿರಿಯರು ಕೇಳಿದಾಗ ಅಕ್ಕ ತಮ್ಮ ಕೆಲಸ ಹೋಯಿತೆಂದೇ ತಿಳಿದರಂತೆ. "ಇವತ್ತೂ ಮುಟ್ಟು" ಎಂದಷ್ಟೇ ಹೇಳಿ ಹಿರಿಯರು ಚಿತ್ರಕ್ಕೆ ಕುಳಿತರು.

ಈಗ ದಿನಕ್ಕೆ ಎರಡು ಗಂಟೆ ತೊಳೆಯುವುದೇ ಆಗುತ್ತದೆ. ಒಂದೊಂದಕ್ಕೂ ನಾಲ್ಕು ಸಲ ನೀರು ಬದಲಿಸಬೇಕು. ಬಿಸಿನೀರು ಸೋಕಿಸುವಂತಿಲ್ಲ, ಕೂದಲು ಹಿಡಿದಿರುವ ಅಂಟು ಬಿಡುತ್ತದೆ. ಬಂಗಾರದ ಬಣ್ಣಕ್ಕೆ ಮುಟ್ಟಿಸಿದ ಕುಂಚವನ್ನು ಬೇರೆ ಬಣ್ಣಕ್ಕೆ ಮುಟ್ಟಿಸಬಾರದು. ಒಳ್ಳೆಯ ಕುಂಚದಲ್ಲಿ ಬಣ್ಣ ಕಲಸಿದವರ ಜೊತೆ ಅಕ್ಕ ಅರ್ಧ ದಿನ ಮಾತು ಬಿಡುತ್ತಾರೆ. ಕುಂಚದ ತುದಿಯನ್ನು ಬಾಯಲ್ಲಿ ಚೀಪುವ ಕಿರಿಯ ಚಿತ್ರಕಾರನಿಗೆ, "ಹಸಿವಾದ್ರೆ ಹೇಳಪ್ಪ, ಬಿಸ್ಕತ್ತು ತರಿಸೋಣ" ಎನ್ನುತ್ತಾರೆ.

ತುದಿ ಸತ್ತ ಕುಂಚಗಳಿಗೂ ಕೆಲಸ ತಪ್ಪಿದ್ದಲ್ಲ. ಮೊದಲು ಬಣ್ಣ ಕಲಸಲು, ಆಮೇಲೆ ಅಂಟು ಸವರಲು, ಕೊನೆಗೆ ಅಕ್ಕನ ಮನೆಯ ಹೊಲಿಗೆ ಯಂತ್ರದ ದೂಳು ತೆಗೆಯಲು. ಅಂಥದ್ದೊಂದನ್ನು ಗಂಡ ಕದ್ದು ಮೀಸೆಗೆ ಕಪ್ಪು ಹಚ್ಚಿಕೊಂಡರು. ಎರಡು ವಾರ ಕಳೆದ ಮೇಲೆ, "ಇದರ ತುದಿ ಸೀಳಿದೆ ಕಣೇ, ಬೇರೆ ತಂದುಕೊಡು" ಎಂದು ದೂರಿಗೂ ಬಂದರು.

ಆದರೆ ತೊಳೆಯುವುದು ಅಕ್ಕನಿಗೆ ಬರಿಯ ಕೆಲಸ. ಜೀವ ಇರುವುದು ಆರಿಸುವುದರಲ್ಲಿ. ಮೂರು ತಿಂಗಳಿಗೊಮ್ಮೆ ಬಣ್ಣದಂಗಡಿಗೆ ಹೋಗಿ ಒಂದು ಲೋಟ ನೀರು ಕೇಳುತ್ತಾರೆ. ಹೊಸ ಕುಂಚದ ಕೂದಲಿಗೆ ತಯಾರಿಸುವವರು ಗೋಂದು ಹಚ್ಚಿ ಚೂಪು ಮಾಡಿರುತ್ತಾರೆ. "ಗೋಂದಿನಲ್ಲಿ ಎಲ್ಲರೂ ಸಭ್ಯಸ್ಥರೇ. ತೊಳೆದ ಮೇಲೆ ತಾನೇ ಗುಣ ಗೊತ್ತಾಗೋದು?" ಎನ್ನುತ್ತಾರೆ ಅಕ್ಕ. ಗೋಂದು ಬಿಡಿಸಿ, ಕೊಡವಿ, ಒದ್ದೆ ತುದಿಯನ್ನು ಉಗುರಿನ ಮೇಲೆ ಬಾಗಿಸುತ್ತಾರೆ. ಬಾಗಿದ್ದು ತಾನಾಗಿ ನೆಟ್ಟಗಾಗಬೇಕು. ಐವತ್ತು ನೋಡಿದರೆ ಏಳು ಸಿಗುತ್ತವೆ. "ವಜ್ರ ತಗೊಳ್ಳೋರೂ ಇಷ್ಟು ಹೊತ್ತು ನೋಡಲ್ಲ ತಾಯಿ" ಎಂದು ಅಂಗಡಿಯವರು ಹತ್ತೊಂಬತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ.

ಮನೆಯಲ್ಲಿ ಏನನ್ನಾದರೂ ಆರಿಸಲು ಅಕ್ಕನನ್ನು ಕರೆದವರಿಲ್ಲ. ಬಾಗಿಲಿನ ಬಣ್ಣ ಮೈದುನನ ಆಯ್ಕೆ, ಪಾತ್ರೆಗಳು ಅತ್ತೆಯ ಆಯ್ಕೆ, ಮಗಳ ಹೆಸರು ನಾದಿನಿ ಆರಿಸಿದ್ದು. "ಗಂಡನ್ನೂ ಅಪ್ಪನೇ ಆರಿಸಿದ್ದು. ನೀರಲ್ಲಿ ಅದ್ದಿ ನೋಡೋಕೂ ಬಿಡಲಿಲ್ಲ" ಎನ್ನುತ್ತಾರೆ. ಪಕ್ಕದಲ್ಲೇ ಪೇಪರ್ ಓದುತ್ತಿರುವ ಗಂಡ ತಲೆಯೆತ್ತದೆ, "ಅದ್ದಿದ್ರೆ ನಾನು ಎಡಗಡೆ ತಟ್ಟೆಗೇ" ಎನ್ನುತ್ತಾರೆ.

ಕುಂಚದ ಆ ಒಂದು ಆಯ್ಕೆಯೂ ಕಳೆದ ತಿಂಗಳು ಕೈ ಬಿಟ್ಟು ಹೋಗುವುದರಲ್ಲಿತ್ತು. ಚಿತ್ರಶಾಲೆಯ ಮಾಲೀಕರು ಕೆಲಸದ ಉಸ್ತುವಾರಿಯನ್ನು ತಮ್ಮ ಸೊಸೆಗೆ ವಹಿಸಿದರು. ಸೊಸೆ ಒಳ್ಳೆಯ ಹುಡುಗಿ, ಉತ್ಸಾಹಿ. ಚಿಕ್ಕ ಚಿತ್ರಕ್ಕೆ ಚಿಕ್ಕ ಕುಂಚ ಎಂದು ಲೆಕ್ಕ ಹಾಕಿ, ಎಲ್ಲಕ್ಕಿಂತ ಸಣ್ಣ ಅಳತೆಯ ಐವತ್ತು ಕುಂಚಗಳ ಪೆಟ್ಟಿಗೆಯನ್ನು ಅಂಚೆಯಲ್ಲಿ ತರಿಸಿಬಿಟ್ಟಳು. "ಇನ್ನು ನೀವು ಅಂಗಡಿಗೆ ಅಲೆಯೋದು ಬೇಡ ಅಕ್ಕ. ಬರೀ ತೊಳೆದುಕೊಟ್ರೆ ಸಾಕು" ಎಂದು ಅಕ್ಕರೆಯಿಂದಲೇ ಹೇಳಿದಳು. ಅಕ್ಕ "ಆಯ್ತಮ್ಮ" ಎಂದರು. ಆ ಸಂಜೆ ಒಂದೊಂದು ಕುಂಚಕ್ಕೂ ಆರು ಸಲ ನೀರು ಬದಲಿಸಿದರು.

ಹೊಸ ಕುಂಚಗಳಿಗೆ ಒಂದೊಂದರಲ್ಲೂ ಹತ್ತೋ ಹನ್ನೆರಡೋ ಕೂದಲು. ಬಣ್ಣದಲ್ಲಿ ಅದ್ದಿ ಚಿತ್ರದ ಹತ್ತಿರ ತರುವಷ್ಟರಲ್ಲಿ ತುದಿ ಒಣಗಿರುತ್ತಿತ್ತು. ಆ ವಾರ ಹನ್ನೆರಡು ಮುಖಗಳ ಕೆಲಸ ಬಂದಿತ್ತು, ಅದಕ್ಕೆ ಹೊಸ ಕುಂಚಗಳನ್ನೇ ಬಳಸಬೇಕೆಂದು ಸೊಸೆ ಹೇಳಿದ್ದಳು. ಒಂದು ಹುಬ್ಬಿಗೆ ನಲವತ್ತು ಸಲ ಅದ್ದಿದ ಹಿರಿಯರು, "ಚಮಚದಲ್ಲಿ ನೀರು ಹೊತ್ತು ಹಂಡೆ ತುಂಬಿಸಿದ ಹಾಗಾಯ್ತು" ಎಂದರು. ಕಿರಿಯ ಚಿತ್ರಕಾರ ಬರೆದ ಮೀಸೆ ಇರುವೆ ಸಾಲಿನಂತಿತ್ತು, ನಡುವೆ ಎರಡು ಇರುವೆ ದಾರಿ ತಪ್ಪಿದ್ದವು. ಮೂರನೆಯ ದಿನ ಹಿರಿಯರು ಕುಂಚ ಕೆಳಗಿಟ್ಟು, "ನನ್ನ ಕೈಯೇ ಹೋಯ್ತೇನೋ" ಎಂದು ತಮ್ಮ ಬೆರಳುಗಳನ್ನು ನೋಡಿಕೊಂಡರು.

ಅಕ್ಕನ ಡಬ್ಬಿಯಲ್ಲಿ ಹಿಂದಿನ ಸಲ ತಾವೇ ಆರಿಸಿ ತಂದ ಏಳು ಕುಂಚಗಳಿದ್ದವು. ಸದ್ದಿಲ್ಲದೆ ಅವನ್ನು ಕೊಟ್ಟರೆ ಚಿತ್ರ ಉಳಿಯುತ್ತದೆ, ಆದರೆ ಪೆಟ್ಟಿಗೆಯ ಕುಂಚವೇ ಚೆನ್ನಾಗಿದೆ ಎಂದುಕೊಂಡು ಸೊಸೆ ಇನ್ನೊಂದು ಪೆಟ್ಟಿಗೆ ತರಿಸುತ್ತಾಳೆ. ಕೊಡದಿದ್ದರೆ ಹಿರಿಯರು ತಮ್ಮ ಕೈಯನ್ನೇ ಅನುಮಾನಿಸುತ್ತಾರೆ. ಮೂರು ದಿನ ಬಿಗುಮಾನದಿಂದ ಬಾಯಿ ಮುಚ್ಚಿದ್ದ ಅಕ್ಕ, ಹಿರಿಯರ ಆ ಮಾತು ಕೇಳಿ ಡಬ್ಬಿ ಎತ್ತಿಕೊಂಡು ನೇರ ಸೊಸೆಯ ಮೇಜಿಗೆ ಹೋದರು.

"ಅಮ್ಮ, ನೀವೇ ಒಂದೊಂದು ಗೆರೆ ಎಳೆದು ನೋಡಿ."

ಸಣ್ಣ ಕುಂಚದ ಗೆರೆ ಅರ್ಧ ಬೆರಳಿನಷ್ಟು ಹೋಗಿ ನಿಂತಿತು. ಅಕ್ಕನ ಕುಂಚದ ಗೆರೆ ಕೂದಲಿನಷ್ಟೇ ತೆಳ್ಳಗೆ, ಹಾಳೆಯ ಆ ಅಂಚಿನವರೆಗೂ ಹೋಯಿತು.

"ಇದು ದಪ್ಪ ಇದೆಯಲ್ಲ ಅಕ್ಕ?"

"ಹೊಟ್ಟೆ ದಪ್ಪ, ತುದಿ ಅಲ್ಲ. ಹೊಟ್ಟೆ ತುಂಬ ಬಣ್ಣ ಹಿಡಿದಿದ್ರೆ ತಾನೇ ತುದಿ ಬರೆಯೋದು?"

"ಪೆಟ್ಟಿಗೆ ಬಂದ ದಿನವೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು."

ಸೊಸೆ ಡಬ್ಬಿಯನ್ನು ತಾನೇ ಒಯ್ದು ಹಿರಿಯರ ಮುಂದಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಮೂರು ಮುಖಗಳಿಗೆ ಹುಬ್ಬು ಬಂದಿತ್ತು. ಹಿರಿಯರು ಮತ್ತೆ ಎಲ್ಲರನ್ನೂ ಬೈಯತೊಡಗಿದ್ದರು.

ಈ ವಾರ ಅಕ್ಕ, ಸೊಸೆ ಇಬ್ಬರೂ ಬಣ್ಣದಂಗಡಿಯಲ್ಲಿದ್ದಾರೆ. ಇಬ್ಬರನ್ನು ಕಂಡು ಅಂಗಡಿಯವರ ಮುಖ ಇಳಿದಿದೆ. "ಯಾರು ನೋಡೋದು, ಯಾರು ಆರಿಸೋದು?" ಎಂದು ಕೇಳುತ್ತಾರೆ. "ಆರಿಸೋದು ಅಕ್ಕ. ನಾನು ಲೋಟ ಹಿಡ್ಕೊಳ್ಳೋಕೆ ಬಂದಿದೀನಿ" ಎನ್ನುತ್ತಾಳೆ ಸೊಸೆ. ಆದರೂ ಕೈ ಸುಮ್ಮನಿರದೆ ತಾನೂ ಒಂದೊಂದು ತೆಗೆದು ಕೊಡುತ್ತಾಳೆ. ಅಕ್ಕ ಅದ್ದಿ, ಕೊಡವಿ, ಪಕ್ಕಕ್ಕಿಡುತ್ತಾರೆ. ಎಂಟನೆಯದನ್ನು ಉಗುರಿನ ಮೇಲೆ ಬಾಗಿಸಿ, ಇನ್ನೊಮ್ಮೆ ಬಾಗಿಸಿ, "ಇದು ಇರಲಿ" ಎನ್ನುತ್ತಾರೆ.

"ನಿಜವಾಗ್ಲೂ ಚೆನ್ನಾಗಿದೆಯಾ, ನನ್ನ ಸಮಾಧಾನಕ್ಕೆ ಹೇಳ್ತಿದೀರಾ?"

"ಸಮಾಧಾನಕ್ಕಾಗಿದ್ರೆ ಮೊದಲನೇದಕ್ಕೇ ಹೇಳ್ತಿದ್ದೆ. ಏಳು ಸಲ ನೀರು ದಂಡ ಮಾಡ್ತಿದ್ನಾ?"

ಅಕ್ಕನಿಗೆ ಇನ್ನೇನಾದರೂ ಬೇಕೇ? ಹೆಚ್ಚೇನಿಲ್ಲ. ಅಂಗಡಿಯವರು ಸ್ಟೂಲನ್ನು ಬಾಗಿಲ ಹತ್ತಿರ ಹಾಕಬೇಕು. "ಒಳಗಿನ ಲೈಟಲ್ಲಿ ಎಲ್ಲ ತುದಿನೂ ಚೂಪಾಗೇ ಕಾಣುತ್ತೆ. ಹಗಲಿನ ಬೆಳಕಲ್ಲಿ ನೋಡಿದ್ರೆ ಏಳೂ ಬರಲ್ಲ, ಐದೇ."

"ಅದಕ್ಕೇ ತಾಯಿ ಒಳಗೆ ಹಾಕಿರೋದು" ಎನ್ನುತ್ತಾರೆ ಅಂಗಡಿಯವರು.

ಅಷ್ಟರಲ್ಲಿ ಅಕ್ಕ ಸ್ಟೂಲನ್ನು ತಾವೇ ಎತ್ತಿಕೊಂಡು ಬಾಗಿಲಿಗೆ ಹೊರಟಿದ್ದಾರೆ. ಹಿಂದೆ ಸೊಸೆ, ಒಂದು ಹನಿಯೂ ಚೆಲ್ಲದಂತೆ, ಲೋಟ ಹಿಡಿದು ನಡೆಯುತ್ತಿದ್ದಾಳೆ.